ರುಮಾಲಿನ ಕೆಳಗಿನ ದರ, ಕಾಲುವೆ ಮೇಲಿನ ಬೆಳೆ



 ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ಪಡುವಣಕ್ಕೆ ಸರಿದಂತೆ ಮಳೆಯನ್ನೇ ನಂಬಿದ ಹೊಲಗಳು. ಈ ಸೀಮೆಯ ರೈತರು ಏನು ಬಿತ್ತುತ್ತಾರೆ, ಯಾವಾಗ ಮಾರುತ್ತಾರೆ ಎಂಬುದನ್ನು ತಿಳಿಯಬೇಕಾದರೆ, ಮಾರುಕಟ್ಟೆಯ ದರ ಅವರ ಕಿವಿಗೆ ಯಾವ ದಾರಿಯಿಂದ ಬಂತು ಎಂಬುದನ್ನು ನೋಡಬೇಕು.

ಮೊದಮೊದಲು ಅದು ಬರುತ್ತಲೇ ಇರಲಿಲ್ಲ. ಹಳೆಯ ಹತ್ತಿ ಪೇಟೆ, ಕಾಳಿನ ಪೇಟೆಗಳಲ್ಲಿ ದಲಾಲರೂ ಖರೀದಿದಾರರೂ ಒಂದು ರುಮಾಲು ಮುಚ್ಚಿ, ಅದರ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಕುದುರಿಸುತ್ತಿದ್ದರು. ಎಷ್ಟು ಬೆರಳು ಒತ್ತಿದರು, ಕೊನೆಗೆ ಎಷ್ಟಕ್ಕೆ ಒಪ್ಪಿದರು ಎಂಬುದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ವರ್ಷವೆಲ್ಲ ದುಡಿದು ರಾಶಿ ತಂದವನು ಪಕ್ಕದಲ್ಲೇ ನಿಂತಿದ್ದರೂ ತನ್ನ ಮಾಲಿನ ಬೆಲೆ ಬೇರೆಯವರ ಬಾಯಿಂದ ಕೇಳಬೇಕು. ದನದ ಸಂತೆಗಳಲ್ಲಿ ಈ ಪದ್ಧತಿಯನ್ನು ಈಗಲೂ ನೋಡಬಹುದು. ಪೇಟೆಯಲ್ಲಿ ಇದರ ಮೇಲೆ ತೂಕದಲ್ಲಿ ಕಡಿತ, ಮಾದರಿಗೆಂದು ಬೊಗಸೆ ಬೊಗಸೆ ಕಾಳು, ಧರ್ಮದ ಹೆಸರಿನಲ್ಲಿ ಇನ್ನಷ್ಟು ವಸೂಲಿ.

ಈ ರುಮಾಲನ್ನು ತೆಗೆಸುವ ಯತ್ನ ಶುರುವಾದದ್ದು ಇಂದಿನ ಮಹಾರಾಷ್ಟ್ರದಲ್ಲಿರುವ ಬೇರಾರ್ ಸೀಮೆಯ ಕಾರಂಜಾದಲ್ಲಿ, 1886ರಲ್ಲಿ. ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟರ ಆದೇಶದಂತೆ ಅಲ್ಲಿ ಹತ್ತಿ ಮಾರುಕಟ್ಟೆಯೊಂದು ನಿಯಂತ್ರಣಕ್ಕೆ ಒಳಪಟ್ಟಿತು. 1897ರಲ್ಲಿ ಬೇರಾರಿಗೆ ಹತ್ತಿ ಮತ್ತು ಧಾನ್ಯ ಮಾರುಕಟ್ಟೆಗಳ ಕಾನೂನೇ ಬಂತು. ಇದರಲ್ಲಿ ರೈತರ ಮೇಲಿನ ಪ್ರೀತಿಗಿಂತ ಇಂಗ್ಲೆಂಡಿನ ಗಿರಣಿಗಳಿಗೆ ಒಳ್ಳೆಯ ಹತ್ತಿ ಬೇಕೆಂಬ ಆಸೆಯೇ ಹೆಚ್ಚಾಗಿತ್ತು ಎಂದು ನಾನು ನಂಬುತ್ತೇನೆ. ಆದರೂ ದರ ನಾಲ್ಕು ಜನರ ಎದುರು ಕೂಗಬೇಕಾದ ಮಾತು ಎಂಬ ತತ್ವ ಅಲ್ಲಿಂದ ಬೇರೂರಿತು. 1928ರಲ್ಲಿ ಕೃಷಿ ಕುರಿತ ರಾಯಲ್ ಆಯೋಗ ದೇಶಕ್ಕೆಲ್ಲ ಇಂಥ ಮಾರುಕಟ್ಟೆಗಳು ಬೇಕೆಂದಿತು. ರಾಯಚೂರು ಜಿಲ್ಲೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಅಲ್ಲಿಯ ಮಾರುಕಟ್ಟೆ ಕಾನೂನು 1930ರದ್ದು, ಮೈಸೂರಿನದು 1939ರದ್ದು. ಏಕೀಕರಣದ ಬಳಿಕ ಎಲ್ಲ ಸೀಮೆಗಳಿಗೂ ಒಂದೇ ಆಗಿ 1966ರ ಕಾಯ್ದೆ ಬಂತು. ನಾವಿಂದು ಎಪಿಎಂಸಿ ಎನ್ನುವ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಅದರ ಕೂಸು. ಬಹಿರಂಗ ಸವಾಲು, ಸರಿಯಾದ ತೂಕ, ಲೆಕ್ಕದ ಚೀಟಿ, ದರ ಬರೆದ ಹಲಗೆ. ಹೀಗೆ ಬೆರಳಿನ ಸಂಜ್ಞೆ ಹಲಗೆಯ ಮೇಲಿನ ಅಂಕಿಯಾಯಿತು.

ಇಷ್ಟರಲ್ಲಿ ಈ ಸೀಮೆಗೆ ನೀರು ಬಂದಿತ್ತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆ ಕಾಲುವೆಯನ್ನು ಯೋಜಿಸಿದವರ ಉದ್ದೇಶ ಬರ ತಡೆಯುವುದು. ನೀರು ತೆಳುವಾಗಿ ಬಹಳ ಹೊಲಗಳಿಗೆ ಹರಡಬೇಕು, ಜೋಳ, ಹತ್ತಿ, ಶೇಂಗಾ ಬೆಳೆಯಬೇಕು, ಭತ್ತಕ್ಕೆ ಮಾತ್ರ ಸಣ್ಣ ಪಾಲು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಕಾಗದದ ಮೇಲೆ ಬರೆದೂ ಇಟ್ಟರು. ಮೀರಿದವರಿಗೆ ದಂಡದ ನೀರಿನ ಕರವನ್ನೂ ಕಾಯ್ದೆ ಗೊತ್ತುಮಾಡಿತು.

ಆ ಪಟ್ಟಿ ನಿಲ್ಲಲಿಲ್ಲ. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡ ರೈತರಿಗೆ ಭತ್ತದ ಒಳಗುಟ್ಟು ಗೊತ್ತಿತ್ತು. ಸ್ಥಳೀಯರು ನೋಡಿ ಕಲಿತರು. 1965ರಲ್ಲಿ ಸರ್ಕಾರಕ್ಕಾಗಿ ಧಾನ್ಯ ಕೊಳ್ಳುವ ಆಹಾರ ನಿಗಮವೂ ಬೆಂಬಲ ಬೆಲೆ ಸೂಚಿಸುವ ಕೃಷಿ ಬೆಲೆ ಆಯೋಗವೂ ಹುಟ್ಟಿದವು. ಅಕ್ಕಿಗಿರಣಿಗಳು ತಮ್ಮ ಅಕ್ಕಿಯಲ್ಲಿ ಒಂದು ಪಾಲನ್ನು ಲೆವಿಯಾಗಿ ಸರ್ಕಾರಕ್ಕೆ ಒಪ್ಪಿಸುವ ಪದ್ಧತಿ 2015ರವರೆಗೂ ನಡೆಯಿತು. ಸುತ್ತಮುತ್ತ ಗಿರಣಿಗಳು ಎದ್ದವು. ಬೆಳೆದರೆ ಕೊಳ್ಳುವವರು ಖಂಡಿತ ಇದ್ದಾರೆ ಎಂಬ ಭರವಸೆಯ ಮುಂದೆ ದಂಡದ ಕರ ಏನೂ ಅಲ್ಲವಾಯಿತು. ಅದೂ ಎಕರೆ ಲೆಕ್ಕದ ಕರ, ಬಳಸಿದ ನೀರಿನ ಅಳತೆ ಅದಕ್ಕಿರಲಿಲ್ಲ. ಸರ್ಕಾರ ಒಂದು ಕೈಯಿಂದ ಜೋಳ ಬಿತ್ತು ಎಂದು ಬರೆದು, ಇನ್ನೊಂದು ಕೈಯಿಂದ ಅಕ್ಕಿಗೆ ಹಣ ಕೊಟ್ಟಿತು. ರೈತರು ಹಣವನ್ನು ನಂಬಿದರು. ಅವರನ್ನು ನಿಯಮ ಮೀರಿದವರೆಂದು ಜರೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡು ಸೂಚನೆಗಳಲ್ಲಿ ಯಾವುದು ಗಟ್ಟಿ ಎಂಬುದನ್ನು ಅವರು ಸರಿಯಾಗಿಯೇ ಓದಿದ್ದರು. ಆದರೆ ಅದರ ಬೆಲೆ ತೆತ್ತವರು ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು. ಮೇಲೆ ಭತ್ತ ಕುಡಿದ ನೀರಿಗಾಗಿ ಅವರು ಇಂದಿಗೂ ರಸ್ತೆಗಿಳಿಯುತ್ತಾರೆ.

ಹಲಗೆಯ ಅಂಕಿ ಮುಂದೆ ಪರದೆಗೆ ಏರಿತು. 2014ರಲ್ಲಿ ಕರ್ನಾಟಕ ಸರ್ಕಾರ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬ ಸಂಸ್ಥೆಯ ಮೂಲಕ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸಲು ಹೊರಟಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂತು. ಲಾಟಿಗೆ ನಂಬರು, ಕಂಪ್ಯೂಟರಿನಲ್ಲಿ ಟೆಂಡರು, ಮೊಬೈಲಿಗೆ ದರದ ಸಂದೇಶ. ಒಪ್ಪಿಗೆಯಾಗದಿದ್ದರೆ ಮಾರದೆ ಉಳಿಸಿಕೊಳ್ಳುವ ಹಕ್ಕು ರೈತರಿಗಿದೆ. ಆದರೆ ಅಡತಿ ಅಂಗಡಿಯಲ್ಲಿ ಬೀಜ, ಗೊಬ್ಬರಕ್ಕೆ ಮುಂಗಡ ತಂದವರಿಗೆ ಮಾಲು ವಾಪಸ್ ಒಯ್ಯುವ ಧೈರ್ಯ ಎಲ್ಲಿಂದ ಬರಬೇಕು? ಪರದೆ ದರ ತೋರಿಸಿತು, ಸಾಲ ತೀರಿಸಲಿಲ್ಲ.

ಸರ್ಕಾರ ಸಾರುವ ಬೆಂಬಲ ಬೆಲೆಯ ಕಥೆಯಲ್ಲಿ ಈ ಸೀಮೆ ಕಲಿಸುವ ಪಾಠ ಇನ್ನೊಂದಿದೆ. ಇಲ್ಲಿಯ ಸೋನಾ ಮಸೂರಿಗೆ ಸಾಮಾನ್ಯವಾಗಿ ಪೇಟೆಯಲ್ಲೇ ಹೆಚ್ಚು ದರ. ಹಾಗಾಗಿ ಭತ್ತದ ಖರೀದಿ ಕೇಂದ್ರ ತೆರೆದರೂ ಅತ್ತ ಹೋಗುವವರು ಕಡಿಮೆ. ಜೋಳದ ಸಂಗತಿ ಬೇರೆ. ಹೈಬ್ರಿಡ್ ಜೋಳದ ಬೆಂಬಲ ಬೆಲೆ 2017-18ರಲ್ಲಿ ಕ್ವಿಂಟಲಿಗೆ 1700 ರೂಪಾಯಿ. ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಎಂಬ ಸೂತ್ರ ಬಂದ ಮರುವರ್ಷವೇ ಅದು 2430. ಅದೇ ವರ್ಷ ಭತ್ತ 1550ರಿಂದ 1750ಕ್ಕೆ ಬಂತು. 2025-26ಕ್ಕೆ ಜೋಳ 3699, ಭತ್ತ 2369. ಎರಡನೇ ಬೆಳೆಗೆ ನೀರು ಬರುತ್ತದೋ ಇಲ್ಲವೋ ಎಂದು ನೀರಾವರಿ ಸಲಹಾ ಸಮಿತಿಯ ಸಭೆಯತ್ತ ಕಣ್ಣಿಟ್ಟು ಕೂರುವ ಸಿಂಧನೂರು, ಮಸ್ಕಿಯ ರೈತರಿಗೆ ಈ ಅಂಕಿ ಅರ್ಥವಾಯಿತು. ಜೋಳ ಹಿಂಗಾರಿಗೆ ಮತ್ತೆ ಹೊಲ ಸೇರಿತು. ಕಾಲುವೆಯ ಹಳೆಯ ಬೆಳೆಪಟ್ಟಿ ದಂಡದಿಂದ ಮಾಡಿಸಲಾಗದ್ದನ್ನು ಒಂದು ದರ ಮಾಡಿಸಿತು.

ಕಷ್ಟ ಅಲ್ಲಿಂದ ಮುಂದೆ. ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿಳಿದಾಗ ಎಲ್ಲರೂ ಖರೀದಿ ಕೇಂದ್ರದತ್ತ ಬರುತ್ತಾರೆ. ಆಗ ನೋಂದಣಿಗೆ ಕೊನೆಯ ದಿನ, ಎಕರೆಗೆ ಇಷ್ಟೇ ಕ್ವಿಂಟಲ್ ಎಂಬ ಮಿತಿ, ಚೀಲದ ಕೊರತೆ, ಹಣಕ್ಕೆ ತಿಂಗಳುಗಟ್ಟಲೆ ಕಾಯುವಿಕೆ. ಮುಂಗಾರು ಮಳೆ ತಲೆಯ ಮೇಲಿರುವಾಗ ರಾಶಿ ಬಯಲಿನಲ್ಲಿ ಬಿದ್ದಿರುತ್ತದೆ. ಜೂನಿನ ಹೊತ್ತಿಗೆ ಕೇಂದ್ರ ಸರ್ಕಾರ ದರ ಸಾರುತ್ತದೆ. ಈ ಸೀಮೆಯಲ್ಲಿ ಎಷ್ಟು ಜೋಳ ಕೊಳ್ಳುತ್ತೇವೆ, ಯಾವ ದಿನ ಖರೀದಿ ಕೇಂದ್ರ ತೆರೆಯುತ್ತೇವೆ ಎಂಬುದನ್ನೂ ಹಿಂಗಾರಿ ಬಿತ್ತನೆಗೆ ಮೊದಲೇ ಸಾರಿದರೆ, ಒಂದೊಂದು ಕುಟುಂಬವೂ ಎಷ್ಟು ಎಕರೆಗೆ ಜೋಳ, ಎಷ್ಟಕ್ಕೆ ಕಡಲೆ ಎಂದು ತಾನೇ ಲೆಕ್ಕ ಹಾಕಿಕೊಳ್ಳಬಲ್ಲದು.