ದಂಡನೀತಿಯೂ ಜನರ ನಂಬಿಕೆಯೂ



ಧರ್ಮಸಭೆಯಲ್ಲಿ ಸೆರೆಮನೆಯ ಮಾತೇಕೆಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ರಾಜ್ಯವು ಒಬ್ಬ ಮನುಷ್ಯನನ್ನು ಹಿಡಿದು ಕೂಡಿಹಾಕುವುದು ಸಕಲ ಪ್ರಜೆಗಳ ಹೆಸರಿನಲ್ಲಿ. ಆದುದರಿಂದ ಆ ಕಾರ್ಯದ ಪುಣ್ಯಪಾಪಗಳಲ್ಲಿ ನಮಗೂ ಪಾಲುಂಟು. ಪ್ರಜೆಯು ನ್ಯಾಯಸ್ಥಾನವನ್ನು ನಂಬುವುದು ಶಿಕ್ಷೆಯ ಕಾಠಿಣ್ಯವನ್ನು ಕಂಡಲ್ಲ, ತಪ್ಪು ಸಿದ್ಧವಾದ ಮೇಲೆ, ತಪ್ಪಿತಸ್ಥನ ಮೇಲೆ ಮಾತ್ರ ಶಿಕ್ಷೆ ಬೀಳುವುದನ್ನು ಕಂಡು. ಇದಿಷ್ಟನ್ನೇ ಈ ಹೊತ್ತು ವಿಸ್ತರಿಸಿ ಅರಿಕೆ ಮಾಡುವೆನು.

೨೦೧೯ನೆಯ ಇಸವಿ ನವೆಂಬರಿನ ಕಡೆಯಲ್ಲಿ ಹೈದರಾಬಾದಿನ ಸಮೀಪ ತರುಣಿಯಾದ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ನಡೆದು, ಅವಳ ಕೊಲೆಯಾಯಿತು. ಕೇಳಿದವರೆಲ್ಲರ ಎದೆ ಉರಿಯಿತು. ಡಿಸೆಂಬರ್ ೬ರ ಬೆಳಗಿನ ಜಾವ ನಾಲ್ವರು ಆರೋಪಿಗಳನ್ನು ಪೋಲೀಸರು ಕೃತ್ಯದ ಸ್ಥಳಕ್ಕೆ ಕರೆದೊಯ್ದರು. ಅಲ್ಲಿಯೇ ಅವರು ಗುಂಡಿಗೆ ಬಲಿಯಾದರು. ಸುದ್ದಿ ಹಬ್ಬಿದೊಡನೆ ಜನರು ಪೋಲೀಸರ ಮೇಲೆ ಹೂವು ಸುರಿದರು. ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ವಿ. ಎಸ್. ಸಿರ್ಪುರ್ಕರ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದು ೨೦೨೨ರಲ್ಲಿ ಬಹಿರಂಗವಾದ ಅದರ ವರದಿ ಹೇಳಿತು. ಆ ನಾಲ್ವರೇ ಅಪರಾಧಿಗಳೋ ಅಲ್ಲವೋ ಎಂಬುದನ್ನು ಸಾಕ್ಷಿಗಳಿಂದ ತೂಗಿ ನೋಡುವ ಅವಕಾಶವು ಆ ಬೆಳಗಿನೊಡನೆಯೇ ಮುಗಿದುಹೋಯಿತು.

ಹೂ ಸುರಿದವರನ್ನು ಕ್ರೂರಿಗಳೆಂದು ಹಳಿಯುವುದು ಸುಲಭ; ನಾನು ಹಾಗೆ ಹಳಿಯಲಾರೆ. ಆ ಪುಷ್ಪವೃಷ್ಟಿಯು ನ್ಯಾಯಾಲಯದ ಮೇಲಿನ ಅಪನಂಬಿಕೆಯ ಗುರುತು. ೨೦೧೨ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ನಡೆದ ಅಂತಹುದೇ ಘೋರಕೃತ್ಯದ ಮೊಕದ್ದಮೆಯನ್ನು ಶೀಘ್ರವಿಚಾರಣೆಗೆಂದು ಏರ್ಪಡಿಸಿದ ನ್ಯಾಯಾಲಯವೇ ನಡೆಸಿ ಒಂದು ವರ್ಷದೊಳಗೆ ತೀರ್ಪಿತ್ತರೂ, ಕಡೆಯ ಶಿಕ್ಷೆ ಜಾರಿಯಾದುದು ೨೦೨೦ರ ಮಾರ್ಚಿನಲ್ಲಿ. ಮಗಳನ್ನು ಕಳೆದುಕೊಂಡ ತಾಯಿಗೆ ಏಳು ವರ್ಷಕ್ಕೂ ಮಿಗಿಲಾದ ಆ ಕಾಲವು ಎಂತಹುದೆಂದು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಿಳಂಬವೆಂಬ ರೋಗಕ್ಕೆ ವಿಚಾರಣೆಯನ್ನೇ ಕೊಲ್ಲುವುದು ಔಷಧವಾಗದು.

ನಮ್ಮ ಪೂರ್ವಿಕರು ಈ ವಿಷಯವನ್ನು ಯೋಚಿಸದೆ ಬಿಟ್ಟವರಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಪಂಡಿತ ಆರ್. ಶಾಮಶಾಸ್ತ್ರಿಗಳವರು ೧೯೦೯ರಲ್ಲಿ ಅಚ್ಚಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಟಕಶೋಧನವೆಂಬ ಅಧಿಕರಣವಿರುವುದು. ಕಳ್ಳಕಾಕರಿಗೆ ವಿಧಿಸುವ ದಂಡಗಳ ನಡುವೆಯೇ, ವಾದಿಯನ್ನು ಗದರಿಸುವ ಮತ್ತು ಕೇಳಬೇಕಾದುದನ್ನು ಕೇಳದೆ ಬಿಡುವ ನ್ಯಾಯಾಧಿಕಾರಿಗೂ ಅಲ್ಲಿ ದಂಡವುಂಟು. ಸೆರೆಯಾಳಿನ ಅನ್ನಪಾನಗಳನ್ನು ತಡೆದ ಸೆರೆಮನೆಯ ಅಧ್ಯಕ್ಷನಿಗೆ ೯೬ ಪಣ; ಹಿಂಸಿಸಿದವನಿಗೆ ಅದಕ್ಕಿಂತಲೂ ಹೆಚ್ಚು; ಕೊಂದವನಿಗೆ ಸಾವಿರ ಪಣ. ಯಾಜ್ಞವಲ್ಕ್ಯ ಸ್ಮೃತಿಯು ಇನ್ನೂ ಮುಂದೆ ಹೋಗಿ, ಅರಸನೇ ಅನ್ಯಾಯವಾಗಿ ದಂಡವನ್ನು ಕಿತ್ತುಕೊಂಡಿದ್ದರೆ ಅದನ್ನು ಮೂವತ್ತು ಪಟ್ಟು ಮಾಡಿ ವರುಣನಿಗೆ ನಿವೇದಿಸಿ ದಾನ ಮಾಡಬೇಕೆಂದು ವಿಧಿಸಿದೆ. ದಾನವು ದಂಡ ತೆತ್ತ ಬಡವನಿಗಲ್ಲದೆ ವಿಪ್ರರಿಗೇ ಏಕೆ ಸಲ್ಲಬೇಕೆಂಬ ಪ್ರಶ್ನೆ ತಮಗೆ ಹೊಳೆದಿದ್ದರೆ, ಪಾಠಶಾಲೆಯಲ್ಲಿ ಅದನ್ನು ಓದುವಾಗ ನನಗೂ ಹೊಳೆದಿತ್ತು.

ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯೆಯನ್ನು ಬರೆದುದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ. ಆದರೆ ಸ್ಮೃತಿಗಳ ದಂಡವಿಧಿಯು ವರ್ಣವನ್ನು ನೋಡಿ ಶಿಕ್ಷೆಯನ್ನು ಅಳೆಯುತ್ತಿದ್ದಿತು. ಇದನ್ನು ಮುಚ್ಚಿಡುವುದು ಪಂಡಿತನಿಗೆ ಯೋಗ್ಯವಲ್ಲ. ಆ ತಕ್ಕಡಿಯ ಫಲವನ್ನು ಮುಂದಿನ ತಲೆಮಾರುಗಳ ಕಲ್ಯಾಣವೇ ಕಂಡಿತು. ಹರಳಯ್ಯ ಮಧುವರಸರು ತಮ್ಮ ಮಕ್ಕಳಿಗೆ ವಿವಾಹ ಮಾಡಿದುದನ್ನೇ ಅಪರಾಧವೆಂದೆಣಿಸಿ ಬಿಜ್ಜಳನು ಅವರಿಗೆ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂಬ ಪರಂಪರೆಯ ಕಥನವು ಈ ಸಭೆಗೆ ತಿಳಿಯದುದಲ್ಲ. ಆ ಬಳಿಕ ಊರು ಉಳಿಯಲಿಲ್ಲ, ಅರಸನೂ ಉಳಿಯಲಿಲ್ಲ.

ಇಂದಿನ ದಂಡಸಂಹಿತೆಯಲ್ಲಿ ಜಾತಿಯ ತಕ್ಕಡಿಯಿಲ್ಲ. ಅದು ತೆರವು ಮಾಡಿದ ಸ್ಥಳದಲ್ಲಿ ಹಣದ ತಕ್ಕಡಿ ಬಂದು ಕುಳಿತಿರುವುದೇ ನಮ್ಮ ಕಾಲದ ಸಂಕಟ. ೧೯೭೮ರಲ್ಲಿ ಮಧ್ಯಪ್ರದೇಶದ ಒಬ್ಬ ಗಾರೆಕೆಲಸದವನಿಗೆ ಜಾಮೀನು ದೊರೆಯಿತು. ಆದರೆ ಕೆಳಗಿನ ನ್ಯಾಯಾಧಿಕಾರಿಯು ಹತ್ತು ಸಾವಿರ ರೂಪಾಯಿಯ ಹೊಣೆಗಾರಿಕೆಯನ್ನು ಕೇಳಿದರು. ಅಣ್ಣತಮ್ಮಂದಿರಲ್ಲಿ ಒಬ್ಬನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿರುವುದೆಂದು ತಿರಸ್ಕರಿಸಿದರು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ರೀತಿಯನ್ನು ಕಟುವಾಗಿ ಖಂಡಿಸಿ, ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಮರುವರ್ಷ ಬಿಹಾರದ ಸೆರೆಮನೆಗಳ ಸಂಗತಿ ಹೊರಬಿದ್ದಿತು. ಆರೋಪ ಸಿದ್ಧವಾಗಿದ್ದರೂ ಅನುಭವಿಸಬೇಕಾಗಿದ್ದ ಅವಧಿಗಿಂತ ಹೆಚ್ಚು ಕಾಲ, ವಿಚಾರಣೆಯೇ ಇಲ್ಲದೆ ಅಲ್ಲಿ ಕೊಳೆಯುತ್ತಿದ್ದವರು ಅನೇಕರು. ಶೀಘ್ರ ವಿಚಾರಣೆಯು ಸಂವಿಧಾನದ ೨೧ನೆಯ ಅನುಚ್ಛೇದವು ಕೊಟ್ಟ ಹಕ್ಕೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು ಆಗ ಸಾರಿತು. ಅದೇ ಬಿಹಾರದ ಮುಜಫರಪುರದಲ್ಲಿ, ೧೯೬೮ರಲ್ಲಿ ನಿರ್ದೋಷಿಯೆಂದು ಖುಲಾಸೆಯಾದವನೊಬ್ಬನು ೧೯೮೨ರವರೆಗೆ ಸೆರೆಯಲ್ಲಿಯೇ ಇದ್ದನು! ಹದಿನಾಲ್ಕು ವರ್ಷಕ್ಕೆ ದೊರೆತ ಪರಿಹಾರವು ಒಟ್ಟು ೩೫ ಸಾವಿರ ರೂಪಾಯಿ. ಮೂವತ್ತು ಪಟ್ಟಿನ ವಿಧಿ ಇಲ್ಲಿ ನೆನಪಾಗುವುದು.

ಇವೆಲ್ಲ ಹಳೆಯ ಕಥೆಗಳೆಂದು ಸಮಾಧಾನ ಪಡುವಂತಿಲ್ಲ. ೨೦೨೨ರ ಕಡೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದವರು ೫,೭೩,೨೨೦ ಮಂದಿ. ಅವರಲ್ಲಿ ೪,೩೪,೩೦೨ ಮಂದಿ ವಿಚಾರಣಾಧೀನರೆಂದು ಸರ್ಕಾರದ ಲೆಕ್ಕವೇ ಹೇಳುತ್ತದೆ. ನಾಲ್ವರಲ್ಲಿ ಮೂವರ ಅಪರಾಧವು ಇನ್ನೂ ನಿರ್ಣಯವಾಗಿರಲಿಲ್ಲ ಎಂದಾಯಿತು. ಅವರಲ್ಲಿ ನಿಜವಾದ ದುಷ್ಟರೂ ಇರುವರು, ಸಂದೇಹವಿಲ್ಲ. ಆದರೆ ಯಾರು ಯಾರೆಂದು ವಿಂಗಡಿಸಿ ಹೇಳಬೇಕಾದ ಮಾತನ್ನು ಇನ್ನೂ ಯಾರೂ ಹೇಳಿರಲಿಲ್ಲ.

ಕಾಯಿದೆಯು ಕಣ್ಣುಮುಚ್ಚಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೪೭೯ನೆಯ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷಿತನಾಗದಿದ್ದ ಆರೋಪಿಯು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ವಿಚಾರಣೆ ಮುಗಿಯುವ ಮುನ್ನವೇ ಕಳೆದಿದ್ದರೆ, ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹನು. ಮರಣದಂಡನೆ, ಜೀವಾವಧಿ ಶಿಕ್ಷೆಗಳ ಅಪರಾಧಗಳಿಗೂ, ಒಂದಕ್ಕಿಂತ ಹೆಚ್ಚು ಮೊಕದ್ದಮೆಗಳಿರುವವರಿಗೂ ಇದು ಸಲ್ಲದು. ಅವಧಿ ತುಂಬಿದೊಡನೆ ನ್ಯಾಯಾಲಯಕ್ಕೆ ಬರೆಯುವುದು ಸೆರೆಮನೆಯ ಅಧಿಕಾರಿಯ ಕರ್ತವ್ಯ. ಹಿಂದಿನ ಮೊಕದ್ದಮೆಗಳಿಗೂ ಇದು ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು ಅದೇ ಆಗಸ್ಟಿನಲ್ಲಿ ತಿಳಿಸಿದೆ. ಆದರೆ ಸೆರೆಯಾಳಿನ ಮನೆಯವರಿಗೆ ಇದರ ಸುಳಿವೇ ಇಲ್ಲದಿದ್ದರೆ, ಅಧಿಕಾರಿಯು ಮರೆತಾಗ ನೆನಪಿಸುವವರು ಯಾರು?

ಭಕ್ತರಲ್ಲಿ ನನ್ನ ವಿನಂತಿಯು ಸಣ್ಣದು. ತಮ್ಮೂರಿನವನೊಬ್ಬನನ್ನು ಪೋಲೀಸರು ಕರೆದೊಯ್ದ ದಿನವೇ ಅವನ ಮನೆಗೆ ಕಳ್ಳನ ಮನೆಯೆಂಬ ಹೆಸರಿಡಬೇಡಿರಿ; ಅವನ ಮಕ್ಕಳನ್ನು ಪ್ರಸಾದದ ಪಂಕ್ತಿಯಿಂದ ಎಬ್ಬಿಸಬೇಡಿರಿ. ಜಾಮೀನು ನಿಲ್ಲುವುದು ಅವನ ಕೃತ್ಯವನ್ನು ಸಮರ್ಥಿಸುವುದಲ್ಲ. ಕರೆದ ದಿನ ಅವನು ನ್ಯಾಯಾಲಯಕ್ಕೆ ಬರುವನೆಂದು ಮಾತು ಕೊಡುವುದಷ್ಟೆ. ಹೊಲಮನೆಯುಳ್ಳವರು ಅವನ ನಡತೆಯನ್ನು ಬಲ್ಲವರಾಗಿದ್ದರೆ ಇದಕ್ಕೆ ಹಿಂಜರಿಯಬಾರದು. ಹಾಗೆಯೇ ಪೆಟ್ಟು ತಿಂದವರ ಪರವಾಗಿ ಕಣ್ಣಾರೆ ಕಂಡುದನ್ನು ಸಾಕ್ಷಿ ನುಡಿಯುವುದಕ್ಕೂ ಹಿಂಜರಿಯಬಾರದು. ಸಾಕ್ಷಿಗಳು ಬಾರದೆ ಮುಂದೂಡಿದ ವಾಯಿದೆಗಳೆಷ್ಟೆಂಬುದನ್ನು ವಕೀಲರನ್ನೇ ಕೇಳಿರಿ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸೆರೆಯಲ್ಲಿರುವವರಿಗೂ, ಸ್ತ್ರೀಯರಿಗೂ, ಪರಿಶಿಷ್ಟ ಜಾತಿ ಪಂಗಡಗಳವರಿಗೂ ವರಮಾನವನ್ನು ನೋಡದೆಯೇ ಶುಲ್ಕವಿಲ್ಲದೆ ವಕೀಲರನ್ನು ಕೊಡಬೇಕು. ಅರ್ಜಿಯನ್ನು ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಸಲ್ಲಿಸಬೇಕು. ಬರೆಯಲು ಬಾರದವರಿಗೆ ತಮ್ಮಲ್ಲಿ ಬಲ್ಲವರು ಬರೆದುಕೊಡಬಹುದು.