ನಕಲಿ ಚುಚ್ಚುಮದ್ದು: ಸುದ್ದಿಯಲ್ಲಿ ಏನಿರಬೇಕು?



ತೂಕ ಇಳಿಸುವ ಚುಚ್ಚುಮದ್ದುಗಳ ಹೆಸರು ಈಗ ನಿಮಗೆ ಹೊಸದಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ನಮ್ಮ ದೇಶದ ಪೇಟೆಗೆ ಬಂದವು. ಬೇಡಿಕೆ ಇದ್ದ ಕಡೆ ನಕಲಿಯೂ ಇದ್ದದ್ದೇ. ನಕಲಿ ಸಿಕ್ಕಿಬಿದ್ದಾಗ ಪತ್ರಿಕೆಯವರು, ಟಿವಿಯವರು, ನಮ್ಮಂಥ ರೇಡಿಯೊದವರು ನಿಮಗೆ ಏನು ಹೇಳಬೇಕು? ಇವತ್ತಿನ ಮಾತು ಅದರ ಬಗ್ಗೆ.

2023ರ ಅಕ್ಟೋಬರ್‌ನಲ್ಲಿ ಆಸ್ಟ್ರಿಯಾದಲ್ಲಿ ನಕಲಿ ಓಝೆಂಪಿಕ್ ಇರಬಹುದಾದ ಚುಚ್ಚುಮದ್ದು ತೆಗೆದುಕೊಂಡ ಕೆಲವರು ಆಸ್ಪತ್ರೆ ಸೇರಿದರು. ರಕ್ತದ ಸಕ್ಕರೆ ಕುಸಿತ, ಫಿಟ್ಸ್. ಪೆನ್ನಿನೊಳಗೆ ಸೆಮಾಗ್ಲುಟೈಡ್ ಬದಲು ಇನ್ಸುಲಿನ್ ಇದ್ದಿರಬೇಕೆಂದು ಅಲ್ಲಿನ ಅಧಿಕಾರಿಗಳು ಎಚ್ಚರಿಸಿದರು. ಇದನ್ನೇ 'ತೂಕದ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು' ಎಂದು ದಪ್ಪಕ್ಷರದಲ್ಲಿ ಹಾಕಿದರೆ, ಡಾಕ್ಟರು ಬರೆದುಕೊಟ್ಟ ಅಸಲಿ ಔಷಧ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರು ಹೆದರಿ ನಿಲ್ಲಿಸಿಬಿಡುತ್ತಾರೆ. ನಕಲಿ ಚುಚ್ಚಿಕೊಂಡವರಿಗೋ, ತಿಳಿಯಬೇಕಾದ್ದು ತಿಳಿಯುವುದೇ ಇಲ್ಲ: ಮೈ ಬೆವರಿ, ಕೈ ನಡುಗಿ, ತಲೆ ಗೊಂದಲವಾದರೆ ಕೂಡಲೇ ಸಕ್ಕರೆ ತಿನ್ನಬೇಕು, ಆಸ್ಪತ್ರೆಗೆ ಹೋಗಬೇಕು, ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು. ನನ್ನ ಮಟ್ಟಿಗೆ ಸುದ್ದಿಯ ಮೊದಲ ಸಾಲು ಇದೇ ಆಗಬೇಕು.

ಬ್ಯಾಚ್ ಸಂಖ್ಯೆಯನ್ನೂ ಕೊಡಬೇಕು. ಆದರೆ ಅಷ್ಟಕ್ಕೇ ಬಿಡುವಂತಿಲ್ಲ. ಬ್ರೆಜಿಲ್, ಬ್ರಿಟನ್, ಅಮೆರಿಕಗಳಲ್ಲಿ ಸಿಕ್ಕ ನಕಲಿ ಓಝೆಂಪಿಕ್ ಬಗ್ಗೆ 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗ, ಮೂರು ಬ್ಯಾಚ್‌ಗಳ ಪೈಕಿ ಒಂದರ ಸಂಖ್ಯೆ ಅಸಲಿಯದೇ ಆಗಿತ್ತು, ಮಾಲು ನಕಲಿ! ಅಮೆರಿಕದಲ್ಲಿ 2023ರಲ್ಲಿ ವಶವಾದ ಮಾಲಿನಲ್ಲಂತೂ ಸೂಜಿಯೂ ನಕಲಿ.

ಇನ್ನೊಂದು ಗೊಂದಲ ನಮ್ಮ ಸುದ್ದಿಗಳದ್ದೇ. ಪರವಾನಗಿ ಪಡೆದು ಅಗ್ಗವಾಗಿ ಮಾರುವ ಜೆನೆರಿಕ್ ನಕಲಿ ಅಲ್ಲ. 'ಗುಣಮಟ್ಟ ಸಾಲದು' ಎಂಬ ಲ್ಯಾಬ್ ವರದಿ ಬಂದ ಮಾತ್ರಕ್ಕೆ ಔಷಧ ನಕಲಿಯಾಗುವುದಿಲ್ಲ. 1940ರ ಔಷಧ ಕಾಯ್ದೆಯಲ್ಲೂ ಇವು ಬೇರೆಬೇರೆ. ಇನ್ನು ಯಾವ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂದು ವಿವರವಾಗಿ ಬರೆಯುವುದು ಪುಕ್ಕಟೆ ಜಾಹೀರಾತು, ಅಷ್ಟೆ.

ನಿಮ್ಮ ಮನೆಯ ಪೆನ್ನಿನ ಮೇಲೆ ಅನುಮಾನ ಬಂದರೆ ಚುಚ್ಚಿಕೊಳ್ಳಬೇಡಿ, ಎಸೆಯಲೂ ಬೇಡಿ. ಡಬ್ಬಿ, ಬಿಲ್ಲು ಸಮೇತ ಡಾಕ್ಟರಿಗೆ ತೋರಿಸಿ, ಔಷಧ ನಿಯಂತ್ರಣದವರಿಗೆ ದೂರು ಕೊಡಿ. ಮುಂಬಯಿ, ಪುಣೆಯವರು ಎಫ್‌ಡಿಎ ಕಚೇರಿಯನ್ನು, ಹೈದರಾಬಾದಿನವರು ಡಿಸಿಎ ಕಚೇರಿಯನ್ನು ಕೇಳಬೇಕು.