ಒಬ್ಬನೇ ಹೇಳಿದರೆ ಚಾಡಿ, ಊರೇ ಕೇಳಿದರೆ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಳ್ಳತನ ಕಂಡವನು ಬಾಯಿ ಬಿಟ್ಟರೆ ನಮ್ಮಲ್ಲಿ ಅವನಿಗೇನು ಹೆಸರು? ಚಾಡಿಕೋರ. ಕದ್ದವನು ಮಾತ್ರ ಯಜಮಾನನಾಗಿಯೇ ಉಳೀತಾನೆ. ಹಾಗೆ ಬಾಯಿ ಬಿಟ್ಟ ಬಡವರ ಬೆನ್ನಿಗೆ ನಿಂತ ಅರುಣಾ ರಾಯ್ ಅವರ ಬದುಕಿನ ಬಗ್ಗೆ ಇವತ್ತು ಮಾತಾಡ್ತೀನಿ.

ಮೊದಲೇ ಹೇಳಿಬಿಡ್ತೀನಿ, ಅವರು ನಮ್ಮ ಕೇರಿಯಿಂದ ಬಂದವರಲ್ಲ. 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, 1968ರಲ್ಲಿ ಐಎಎಸ್ ಸೇರಿದವರು. ಕೆಲವೇ ವರ್ಷಕ್ಕೆ ಆ ಕುರ್ಚಿ ಬಿಟ್ಟು ರಾಜಸ್ಥಾನದ ತಿಲೋನಿಯಾ ಎಂಬ ಹಳ್ಳಿಗೆ ಹೋದರು. ಆಫೀಸರಮ್ಮ ಹಳ್ಳಿಗೆ ಬಂದರು ಅಂತ ನಾವೇನೂ ಹಾರ ಹಾಕಬೇಕಾಗಿಲ್ಲ. ಅಲ್ಲಿ ಅವರಿಗೆ ಪಾಠ ಕಲಿಸಿದವರು ಯಾರು, ಅದನ್ನು ಕೇಳಿ.

ನೌರತಿ ಬಾಯಿ, ದಲಿತ ಹೆಣ್ಣುಮಗಳು. 1981ರ ಬರಗಾಲದಲ್ಲಿ ಸರ್ಕಾರದ ರಸ್ತೆ ಕೆಲಸಕ್ಕೆ ಹೋದವರು. ಕನಿಷ್ಠ ಕೂಲಿ ದಿನಕ್ಕೆ 7 ರೂಪಾಯಿ; ಕೈಗೆ ಬರ್ತಿದ್ದದ್ದು ಅದಕ್ಕಿಂತ ಕಮ್ಮಿ. ಅವರು ಹೆಂಗಸರನ್ನು ಕಟ್ಟಿಕೊಂಡು ಜಗಳಕ್ಕೆ ನಿಂತರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಅಂತ 1983ರಲ್ಲಿ ತೀರ್ಪು ಬಂತು. ಬಿಟ್ಟಿ ಚಾಕರಿ ಅಂದರೇನು ಅಂತ ನಿಮ್ಮ ತಾತಂದಿರನ್ನು ಕೇಳಿ, ಹೇಳ್ತಾರೆ.

1987ರಲ್ಲಿ ಅರುಣಾ, ಶಂಕರ್ ಸಿಂಗ್, ನಿಖಿಲ್ ಡೇ ಇವರೆಲ್ಲ ದೇವಡುಂಗ್ರಿಯ ಒಂದು ಮಣ್ಣಿನ ಮನೆಯಲ್ಲಿ ಬಿಡಾರ ಹೂಡಿದರು. 1990ರ ಮೇ 1ಕ್ಕೆ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಶುರುವಾಯಿತು. ಅದರ ಕಾರ್ಯಕರ್ತರು ತಾವೂ ಕನಿಷ್ಠ ಕೂಲಿಯಷ್ಟನ್ನೇ ತಗೊಂಡು ಬದುಕಿದರು.

ಕೂಲಿ ಕೇಳಿದರೆ ಅಧಿಕಾರಿ ಹೇಳೋದು ಒಂದೇ ಮಾತು: ನೀನು ಕೆಲಸವನ್ನೇ ಮಾಡಿಲ್ಲ, ರಿಜಿಸ್ಟರಿನಲ್ಲಿ ಹಾಗೇ ಇದೆ. ಸರಿ, ಆ ರಿಜಿಸ್ಟರ್ ತೋರಿಸು ಅಂದರೆ, ಅದು ಸರ್ಕಾರಿ ಗುಟ್ಟು! ಈ ಗುಟ್ಟನ್ನು ಒಡೆದದ್ದು ಜನಸುನವಾಯಿ. 1994ರ ಡಿಸೆಂಬರ್ 2ರಂದು ಕೋಟ್ ಕಿರಾನಾ ಎಂಬಲ್ಲಿ ಊರ ಜನರ ಮುಂದೆ ಮಸ್ಟರ್ ರೋಲನ್ನು ಗಟ್ಟಿಯಾಗಿ ಓದಿದರು. ಇಂಥವನು ಇಷ್ಟು ದಿನ ದುಡಿದ, ಇಷ್ಟು ಕೂಲಿ ಪಡೆದ. ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು: ನಾನು ಆ ಕೆಲಸಕ್ಕೇ ಹೋಗಿಲ್ಲವಲ್ಲ! ಮುಂದೆ ಇಂಥ ಸಭೆಗಳಲ್ಲಿ ಸತ್ತವರ ಹೆಸರಲ್ಲೂ ಕೂಲಿ ಬರೆದದ್ದು ಬಯಲಾಯಿತು. ಆರೋಪ ಹೊತ್ತವರೂ ಬಂದು ಉತ್ತರ ಕೊಡಲಿ ಅಂತ ಕರೀತಿದ್ದರು.

ಇದರಲ್ಲಿರುವ ಉಪಾಯ ನೋಡಿ. ಕೂಲಿಯವನು ಇವತ್ತು ಸತ್ಯ ಹೇಳಿ, ನಾಳೆ ಅದೇ ಪಂಚಾಯ್ತಿಯವನ ಹತ್ತಿರ ಕೆಲಸ ಕೇಳಬೇಕು. ಒಬ್ಬನೇ ಹೇಳಿದರೆ ಅವನ ಕಥೆ ಮುಗೀತು. ಊರಿಗೆ ಊರೇ ಎದ್ದರೆ ಯಾರನ್ನು ಅಂತ ಹೊಡೀತಾರೆ?

ಒಂಟಿಯಾದವರ ಗತಿ ಏನಾಯ್ತು ಅನ್ನೋದನ್ನೂ ಕೇಳಿ. ಸತ್ಯೇಂದ್ರ ದುಬೆ, ಹೆದ್ದಾರಿ ಎಂಜಿನಿಯರ್. ಕಾಮಗಾರಿಯ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಅಂತ ಬೇಡಿಕೊಂಡ. ಕಾಗದ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವನ ಕೊಲೆ. ಮಂಜುನಾಥ್ ಷಣ್ಮುಗಂ, ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಜಡಿಸಿದ. 2005ರ ನವೆಂಬರ್ 19ಕ್ಕೆ ಗುಂಡಿಕ್ಕಿ ಕೊಂದರು. 27 ವರ್ಷ. ಇಂಥವರ ರಕ್ಷಣೆಗೆ 2014ರಲ್ಲಿ ಕಾಯ್ದೆ ಪಾಸಾಯಿತು. ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. ಕಾಯ್ದೆ ನಮ್ಮನ್ನು ಕಾಯುತ್ತೆ ಅಂತ ಕೂರಬೇಡಿ.

ಆದರೆ ಕೈಯಲ್ಲಿರೋ ಕಾಯ್ದೆಯನ್ನೂ ಬಿಡಬೇಡಿ. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪೇಟೆಯಲ್ಲಿ ಆ ಕೂಲಿಯವರು 40 ದಿನ ಧರಣಿ ಕೂತರು. ಲೆಕ್ಕ ಕೊಡಿ ಅನ್ನೋದೇ ಬೇಡಿಕೆ. ಅಲ್ಲಿಂದ ಬೆಳೆದ ಕೂಗೇ 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ಅದು ದೊಡ್ಡ ಓದು ಓದಿದವರ ಕೊಡುಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಈಗ ನಿಮ್ಮ ಮಾತಿಗೆ ಬರೋಣ. ಹಾಸ್ಟೆಲಿನ ಹಾಜರಿ ಪುಸ್ತಕ ಯಾವತ್ತಾದರೂ ನೋಡಿದ್ದೀರಾ? ಹಬ್ಬಕ್ಕೆ ಊರಿಗೆ ಹೋದ ಹುಡುಗನ ಹೆಸರಲ್ಲಿ ಊಟ ಬರೆದಿದ್ದರೆ ಅದೂ ಮಸ್ಟರ್ ರೋಲೇ. ಬೇಳೆ ಎಷ್ಟು ಬಂತು, ಎಷ್ಟು ಬೆಂದಿತು? ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ದಾಖಲೆಯನ್ನು ಕೂತು ನೋಡುವ ಹಕ್ಕೂ ಇದೆ. ಒಬ್ಬ ಧೈರ್ಯದ ಹುಡುಗನನ್ನು ಮುಂದೆ ತಳ್ಳಿ ಉಳಿದವರು ಬಾಗಿಲ ಹಿಂದೆ ನಿಲ್ಲಬೇಡಿ. ಇಪ್ಪತ್ತು ಜನ ಇಪ್ಪತ್ತು ಅರ್ಜಿ ಹಾಕಿ. ಉತ್ತರ ಬಂದ ದಿನ ಊಟದ ಹಾಲಿನಲ್ಲಿ ಎಲ್ಲರೂ ಕೂತು, ಅಡುಗೆಯವರನ್ನೂ ವಾರ್ಡನ್‌ರನ್ನೂ ಕರೆದು ಗಟ್ಟಿಯಾಗಿ ಓದಿ.